ದೊಡ್ಡವರ ಚಿತ್ರಗಳೂ ಗಡಿನಾಡಿನ ಮಕ್ಕಳೂ

ಕಾಸರಗೋಡಿನ ಕನ್ನಡ ಬದುಕಿನ ಚರಿತ್ರೆಯನ್ನು ಬರೆದವರು ಶಾಲೆಗಳನ್ನು ಕುರಿತು ಬರೆದಿದ್ದಾರೆ; ಗೋವಿಂದ ಪೈಗಳನ್ನೂ ಕಯ್ಯಾರರನ್ನೂ ಕುರಿತು ಬರೆದಿದ್ದಾರೆ; ಮಹಾಜನ ಆಯೋಗದ ವರದಿಯನ್ನಂತೂ ಮತ್ತೆ ಮತ್ತೆ ಬರೆದಿದ್ದಾರೆ. ಇವೆಲ್ಲ ಅವಶ್ಯವೇ. ಆದರೆ ಏಣೆಲು ಕೊಯ್ಲು ಮುಗಿದ ಗದ್ದೆಯಲ್ಲಿ ಎದ್ದು ನಿಲ್ಲುತ್ತಿದ್ದ ಸಿನೆಮಾ ಡೇರೆಯ ವಿಚಾರ ನಮ್ಮ ಕಣ್ಣಿಗೆ ಬಿದ್ದದ್ದು ಕಡಿಮೆ. ಆ ಡೇರೆಯೊಳಗೆ, ತಮಗಾಗಿ ತಯಾರಿಸಿರದ ಚಿತ್ರಗಳನ್ನು ಕಣ್ಣರಳಿಸಿ ನೋಡಿದ ಮಕ್ಕಳ ವಿಚಾರ ಇನ್ನೂ ಕಡಿಮೆ. ಆ ಮಕ್ಕಳು ಈಗ ಎಪ್ಪತ್ತು ದಾಟಿದ್ದಾರೆ. ನಾವು ಅವರಲ್ಲಿ ಸೇರಿದವರು.

ಕಾಲವನ್ನು ಮೊದಲು ಗುರುತಿಸಿಕೊಳ್ಳೋಣ. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಬಳಿಕ ಕೇರಳಕ್ಕೆ ಸೇರಿ, 1957ರಲ್ಲಿ ಕಣ್ಣಾನೂರು ಜಿಲ್ಲೆಯ ಭಾಗವಾಗಿ, 1984ರ ಮೇ 24ರಂದು ತಾನೇ ಒಂದು ಜಿಲ್ಲೆಯಾಯಿತು. ಚಿತ್ರಪ್ರದರ್ಶನದ ಕಾನೂನೂ ಹಾಗೆಯೇ ಬದಲಾಯಿತು. 1955ರ ಮದರಾಸು ಕಾಯಿದೆಯ ಸ್ಥಾನದಲ್ಲಿ 1958ರ ಕೇರಳ ಕಾಯಿದೆ ಬಂತು. ಮಕ್ಕಳಾದ ನಮಗೆ ಇದೊಂದೂ ತಿಳಿದಿರಲಿಲ್ಲ. ನಮ್ಮ ಲೆಕ್ಕದಲ್ಲಿ ಮಂಗಳೂರು ಕಡೆಯ ರೈಲಿನಲ್ಲಿ ಇಳಿದ ಡಬ್ಬಿಯಲ್ಲಿ ಕನ್ನಡವಿರುತ್ತಿತ್ತು, ಕಣ್ಣಾನೂರಿನ ಕಡೆಯಿಂದ ಬಂದುದರಲ್ಲಿ ಮಲೆಯಾಳವಿರುತ್ತಿತ್ತು. ರಾಜ್ಯ ಪುನರ್ವಿಂಗಡಣೆಯ ಪರಿಣಾಮವನ್ನು ನಾವು ಕಂಡದ್ದು ಆ ತಗಡಿನ ಡಬ್ಬಿಗಳಲ್ಲಿ. ವರ್ಷ ಕಳೆದಂತೆ ಉತ್ತರದ ಡಬ್ಬಿಗಳು ವಿರಳವಾದವು.

ಡೇರೆ ಎಂದರೆ ಮಡಲಿನ ತಟ್ಟಿ, ಮೇಲೆ ತೇಪೆ ಹಾಕಿದ ಬಟ್ಟೆ, ಒಳಗೆ ಹೊಯಿಗೆ ಹಾಸಿದ ನೆಲ, ಅದರ ಹಿಂದೆ ಬೆಂಚು, ಕೊನೆಯಲ್ಲಿ ಊರಿನ ಪಟೇಲರಂಥವರಿಗೆ ನಾಲ್ಕು ಕುರ್ಚಿ. ನೆಲಕ್ಕೆ ನಾಲ್ಕಾಣೆ, 1957ರ ಏಪ್ರಿಲಿನಿಂದ ಅದು ಇಪ್ಪತ್ತೈದು ನಯಾಪೈಸೆಯಾದರೂ ಬಾಯಲ್ಲಿ ನಾಲ್ಕಾಣೆಯಾಗಿಯೇ ಉಳಿಯಿತು. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಮೇಳದವರು ಗೆಜ್ಜೆ ಬಿಚ್ಚುವಂತೆ ಡೇರೆಯವರೂ ಬಟ್ಟೆ ಮಡಚುತ್ತಿದ್ದರು.

ಯಂತ್ರ ಒಂದೇ. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದು ನಿಮಿಷ. ಹದಿನಾರು ಹದಿನೇಳು ರೀಲುಗಳ ಚಿತ್ರವೆಂದ ಮೇಲೆ ಅಷ್ಟು ಸಲ ಕತ್ತಲು ಹರಿದು ಬೆಳಕಾಗಬೇಕು. ನಮ್ಮ ನಿಜವಾದ ಶಿಕ್ಷಣ ಆ ಬೆಳಕಿನಲ್ಲಿ ನಡೆಯಿತು ಎನ್ನಬೇಕು. ಹೆಂಗಸರ ಕಡೆಗೆ ಚಾಪೆಯ ಮರೆ ಕಟ್ಟುತ್ತಿದ್ದರು. ಹತ್ತು ವರ್ಷದವರೆಗಿನ ಹುಡುಗರು ಆ ಮರೆಯೊಳಗೆ ಅಜ್ಜಿಯೊಡನೆಯೋ ಅತ್ತೆಯೊಡನೆಯೋ ಕೂರುವವರು. ರೀಲು ಬದಲಾಗುವ ಹೊತ್ತಿನಲ್ಲಿ ಅಲ್ಲಿ ಕಥೆಯ ವಿಮರ್ಶೆ ನಡೆಯುತ್ತಿತ್ತು: ಆ ಸೊಸೆ ಹಾಗೆ ಹೇಳಬಹುದಿತ್ತೇ, ಆ ಗಂಡನಿಗೆ ಬುದ್ಧಿಯೆಲ್ಲಿ ಹೋಯಿತು, ಇಂಥದೇ ಒಂದು ಸಂಗತಿ ಆಚೆಕರೆಯ ಮನೆಯಲ್ಲಿ ನಡೆಯಲಿಲ್ಲವೇ! ಮಕ್ಕಳು ಕೇಳಬಾರದ ಮಾತು ಬಂದಾಗ ತುಳುವಿನಲ್ಲಿ ನಡೆಯುತ್ತಿದ್ದುದು ತಟ್ಟನೆ ಕೊಂಕಣಿಗೋ ಮರಾಠಿಗೋ ತಿರುಗುತ್ತಿತ್ತು. ನಾಲ್ಕೈದು ಭಾಷೆಗಳ ಈ ಸೀಮೆಯಲ್ಲಿ ಮಕ್ಕಳಿಂದ ಗುಟ್ಟು ಮುಚ್ಚಿಡುವುದು ಸುಲಭವಾಗಿರಲಿಲ್ಲ; ನಮಗೂ ಅವೆಲ್ಲ ಅಲ್ಪಸ್ವಲ್ಪ ಬರುತ್ತಿದ್ದವು.

1958ರಲ್ಲಿ ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂತು. ಡೇರೆಗೆ ತಲುಪುವಾಗ ಹೊಸತನ ಕಳೆದು, ಪರದೆಯ ಮೇಲೆ ಮಳೆ ಸುರಿಯುವಂತೆ ಗೀರುಗಳಾಗಿದ್ದವು. ಮುದಿ ತಂದೆತಾಯಿಯನ್ನು ಮಕ್ಕಳು ಪಾಲು ಹಂಚಿಕೊಂಡಂತೆ ಬೇರೆಬೇರೆ ಮಾಡುವ ಕಥೆ. ಅದರಲ್ಲಿ ಮಕ್ಕಳ ನೋಟಕ್ಕೆ ನಿಷಿದ್ಧವಾದುದು ಒಂದೂ ಇಲ್ಲ. ಆದರೂ ಅದು ದೊಡ್ಡವರ ಚಿತ್ರ. ಹಿರಿಯರು ಅಳುವುದನ್ನು ಒಟ್ಟಾಗಿ, ಹತ್ತಿರದಿಂದ ನಾವು ಮೊದಲು ಕಂಡದ್ದು ಅಂದು. ಮನೆಯಲ್ಲಿ ಎಂದೂ ಕಣ್ಣೊರಸಿಕೊಳ್ಳದ ಅಜ್ಜಿಯಂದಿರು ಸೆರಗು ಒದ್ದೆ ಮಾಡಿಕೊಂಡರು. ಅವರು ಪರದೆಯ ಮುದುಕಿಗಾಗಿ ಅತ್ತರೋ ತಮಗಾಗಿ ಅತ್ತರೋ ಎಂದು ಹೇಳಲು ನಮಗೆ ಅರುವತ್ತು ವರ್ಷ ಬೇಕಾಯಿತು.

ಇದೇ ಕಥೆ 1964ರಲ್ಲಿ ಮಲೆಯಾಳದಲ್ಲಿ ಅದೇ ಹೆಸರಿನಿಂದ ಬಂದಿತು. ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ಅವರೇ 1966ರಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ‘ಪೂಚ್ಚಕ್ಕಣ್ಣಿ’ ಎಂದು ಮಲೆಯಾಳದಲ್ಲಿ ತೆರೆಗೆ ತಂದರು. ಕನ್ನಡಕ್ಕೆ ‘ಬೆಳ್ಳಿಮೋಡ’ವನ್ನು ಕೊಟ್ಟದ್ದು ಅದರ ಮರುವರ್ಷ. ಹೀಗೆ ಕನ್ನಡದ ಕಥೆಯನ್ನು ಮಲೆಯಾಳದ ಮಾತಿನಲ್ಲಿ ಕೇಳುವ ಯೋಗ ಬೆಂಗಳೂರಿನ ಮಕ್ಕಳಿಗೆ ಎಲ್ಲಿಂದ ಬರಬೇಕು? ಗಡಿನಾಡಿನವರು ಕಳೆದುಕೊಂಡದ್ದನ್ನಷ್ಟೇ ಲೆಕ್ಕ ಹಾಕುವ ವಾಡಿಕೆ ನಮ್ಮ ಸಮ್ಮೇಳನಗಳಲ್ಲಿ ಬೆಳೆದಿದೆ. ಈ ಸಣ್ಣ ಗಳಿಕೆಯನ್ನೂ ಬರೆದಿಡಬೇಕು.

‘ಚೆಮ್ಮೀನ್’ ಬೇರೆ ಮಾತು. ತಕಳಿಯವರ ಕಾದಂಬರಿಯನ್ನು ಆಧರಿಸಿ ರಾಮು ಕಾರ್ಯಾಟ್ 1965ರಲ್ಲಿ ತಯಾರಿಸಿದ ಈ ಚಿತ್ರ ದಕ್ಷಿಣ ಭಾರತಕ್ಕೆ ಮೊದಲ ಬಾರಿಗೆ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ತಂದಿತು. ಹೆಂಡತಿಯ ಶೀಲ ಕೆಟ್ಟರೆ ಗಂಡನನ್ನು ಕಡಲಮ್ಮ ನುಂಗುತ್ತಾಳೆಂಬ ನಂಬಿಕೆ ಅದರ ತಿರುಳು. ನಾವಾಗ ಪ್ರೌಢಶಾಲೆಯ ಹುಡುಗರು. ಕರುತ್ತಮ್ಮ ರಾತ್ರಿ ಪರೀಕುಟ್ಟಿಯನ್ನು ಕಾಣುವಾಗ ಅತ್ತ ಪಳನಿ ಕಡಲಲ್ಲಿ ಶಾರ್ಕಿನೊಡನೆ ಹೆಣಗುತ್ತಾನೆ. ಒಳನಾಡಿನ ಅಡಕೆ ತೋಟದ ಹುಡುಗರು ಉಸಿರು ಬಿಗಿಹಿಡಿದರು. ಹಿಂದಿರುಗುವ ದಾರಿಯಲ್ಲಿ ದೊಂದಿಯ ಬೆಳಕಿನಲ್ಲಿ ವಾದವೇ ವಾದ: ತಪ್ಪು ಯಾರದು? ಜೊತೆಗಿದ್ದ ಕಡಲಕರೆಯ ಒಬ್ಬ ಮುದುಕಿ ಎಲೆಯಡಿಕೆ ಉಗಿದು, “ಹಾಗಾದರೆ ಕಡಲಿಗೆ ಹೋದವರಲ್ಲಿ ಎಷ್ಟು ಜನ ಹಿಂದೆ ಬರುತ್ತಿದ್ದರು ಮಕ್ಕಳೇ?” ಎಂದು ನಕ್ಕಳು. ನಮ್ಮ ಚರಿತ್ರೆಯ ಪಾಠದಲ್ಲಿ ಇಷ್ಟು ಚೊಕ್ಕವಾದ ಆಧಾರ ಪರೀಕ್ಷೆಯನ್ನು ನಾವು ಮುಂದೆ ಕಂಡದ್ದಿಲ್ಲ.

ಅದಕ್ಕೂ ಒಂದು ವರ್ಷ ಹಿಂದಿನ ‘ಭಾರ್ಗವೀನಿಲಯಂ’ ನಮ್ಮನ್ನು ಕೆಲವು ರಾತ್ರಿ ಅಂಗಳಕ್ಕೆ ಇಳಿಯದಂತೆ ಮಾಡಿತು. ಬಷೀರರ ಕಥೆ, ಬಾಬುರಾಜರ ಸಂಗೀತ, ಬಿಳಿ ಸೀರೆಯ ಹೆಣ್ಣು. ಹೆದರಿದೆವೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಎರಡನೆಯ ಸಲ ನೋಡಲು ಹೋದವರೇ ಹೆಚ್ಚು.

ವಯಸ್ಸಿನ ಕಟ್ಟಳೆ ಇರಲಿಲ್ಲವೇ? ಇತ್ತು. ನಮ್ಮ ದೇಶದಲ್ಲಿ ‘ಯು’ ಮತ್ತು ‘ಎ’ ಎಂಬ ಎರಡು ಬಗೆಯ ಪ್ರಮಾಣಪತ್ರಗಳು 1949ರ ತಿದ್ದುಪಡಿಯಿಂದ ಬಂದವು. 1952ರ ಚಲನಚಿತ್ರ ಕಾಯಿದೆ ಅವನ್ನು ಉಳಿಸಿಕೊಂಡಿತು. ‘ಎ’ ಎಂದರೆ ಹದಿನೆಂಟು ತುಂಬಿದವರಿಗೆ ಮಾತ್ರ. ಡೇರೆಯ ಬಾಗಿಲಲ್ಲಿ ಟಿಕೇಟು ಹರಿಯುವವನು ನೋಡುತ್ತಿದ್ದುದು ವಯಸ್ಸನ್ನಲ್ಲ, ನಾಲ್ಕಾಣೆಯನ್ನು. ಅವನನ್ನು ದೂರುವುದಕ್ಕೂ ಹೆಚ್ಚು ಕಾರಣವಿಲ್ಲ. ಪಾರ್ತಿಸುಬ್ಬನ ಈ ನಾಡಿನಲ್ಲಿ ಮಗು ಇಡೀ ರಾತ್ರಿ ಆಟ ನೋಡುವುದು ಸಹಜವಾಗಿತ್ತು. ಸೈರಂಧ್ರಿಯ ಮೇಲೆ ಕೀಚಕನ ಕಣ್ಣು ಬಿದ್ದುದನ್ನೂ ಶೂರ್ಪನಖಿಯ ಆಸೆಯನ್ನೂ ತಂದೆಯ ಮಡಿಲಲ್ಲಿ ಕುಳಿತು ನೋಡಿದ ಮಕ್ಕಳಿಗೆ ಒಂದು ಇಂಗ್ಲಿಷ್ ಅಕ್ಷರ ಅಡ್ಡಿಯಾಗುವುದೆಂದು ಯಾರಿಗೂ ತೋಚಿರಲಾರದು. ವ್ಯತ್ಯಾಸ ಒಂದಿತ್ತು: ಕೀಚಕನಿಗೆ ಏನಾಗುವುದೆಂದು ಮಕ್ಕಳಿಗೆ ಮೊದಲೇ ಗೊತ್ತು, ಸಿನೆಮಾದಲ್ಲಿ ಅದು ಗೊತ್ತಿರಲಿಲ್ಲ.

ವಾಸ್ತವವಾಗಿ ದೊಡ್ಡವರು ಏನನ್ನು ನೋಡಬಹುದೆಂಬ ವಿಷಯವೇ ಇತ್ಯರ್ಥವಾಗಿರಲಿಲ್ಲ. ‘ಸಂಸ್ಕಾರ’ ಚಿತ್ರಕ್ಕೆ ಮದರಾಸಿನ ಸೆನ್ಸಾರಿನವರು ಅನುಮತಿ ನಿರಾಕರಿಸಿದರು. ಬಳಿಕ ಅನುಮತಿ ದೊರೆತು, 1970ರ ಅತ್ಯುತ್ತಮ ಚಿತ್ರವೆಂದು ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷ ಕೆ. ಎ. ಅಬ್ಬಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಯಸ್ಸಿಗನುಗುಣವಾಗಿ ಚಿತ್ರಗಳನ್ನು ವಿಂಗಡಿಸುವುದು ಸರಿಯೆಂದು ತೀರ್ಪಿತ್ತಿತು.

1978ರಲ್ಲಿ ಐ. ವಿ. ಶಶಿಯವರ ‘ಅವಳುಡೆ ರಾವುಗಳ್’ ‘ಎ’ ಮುದ್ರೆಯೊಂದಿಗೆ ಬಂದಾಗ ನಾವು ಮೇಜಿನ ಈಚೆಗೆ, ಅಧ್ಯಾಪಕರ ಕಡೆಗೆ, ಬಂದಾಗಿತ್ತು. ಡೇರೆಗಳು ಹೋಗಿ ಪಕ್ಕಾ ಕಟ್ಟಡಗಳಾಗಿದ್ದವು. ಚಾಪೆಯ ಮರೆಯಿಲ್ಲ, ರೀಲಿನ ನಡುವೆ ಬೆಳಕಿಲ್ಲ, ಅಜ್ಜಿಯಂದಿರಂತೂ ಇಲ್ಲವೇ ಇಲ್ಲ. ಮಧ್ಯಾಹ್ನದ ಆಟಕ್ಕೆ ಹುಡುಗರು ಕದ್ದು ಹೋಗತೊಡಗಿದರು. ಆ ಚಿತ್ರದಲ್ಲಿ ದೇಹ ಮಾರಿ ಬದುಕುವ ಹೆಣ್ಣಿನ ಬಗ್ಗೆ ಕನಿಕರವಿತ್ತು. ಗೋಡೆಯ ಪೋಸ್ಟರಿನಲ್ಲಿ ಅದು ಕಾಣುತ್ತಿರಲಿಲ್ಲ. ನಮಗೂ ಅವರಿಗೂ ಇದ್ದ ಅಂತರ ಇಲ್ಲಿಯೇ ಎಂದು ನಮಗೆ ತೋರುತ್ತದೆ. ನಾವು ದೊಡ್ಡವರ ಚಿತ್ರವನ್ನು ದೊಡ್ಡವರ ನಡುವೆ ಕುಳಿತು ನೋಡಿದೆವು. ಅವರು ದೊಡ್ಡವರಿಂದ ತಪ್ಪಿಸಿಕೊಂಡು ನೋಡಿದರು. ಅರ್ಥವಾಗದುದನ್ನು ಕೇಳಲು ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯೇ. ಮೈನೆರೆದ ಬಳಿಕ ಅವರಿಗೆ ಡೇರೆಯ ದಾರಿ ಮುಚ್ಚಿತು. ತಮ್ಮಂದಿರು ಮರುದಿನ ಬಾವಿಕಟ್ಟೆಯಲ್ಲಿ ಹೇಳಿದ ಅರೆಬರೆ ಕಥೆಯಿಂದ ಚಿತ್ರವನ್ನು ಪೂರ್ತಿಮಾಡಿಕೊಂಡವರು ಅವರು. ನಮ್ಮ ಅಕ್ಕಂದಿರಲ್ಲಿ ಹಲವರು ಇಂದಿಗೂ ‘ಚೆಮ್ಮೀನ್’ ಕಥೆಯನ್ನು ನೋಡಿದವರಿಗಿಂತ ಚೆನ್ನಾಗಿ ಹೇಳಬಲ್ಲರು.

ಆ ಕಾಲದಲ್ಲಿ ಎತ್ತಿನ ಗಾಡಿಯಿಂದ ಬ್ಯಾಂಡು ಬಾರಿಸುತ್ತ ಎಸೆಯುತ್ತಿದ್ದ ಗುಲಾಬಿ ಬಣ್ಣದ ಕರಪತ್ರಗಳಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲೆಯಾಳ ಅಚ್ಚಾಗಿರುತ್ತಿತ್ತು. ನಾವು ಅವುಗಳಿಂದ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆವು. ಹಳೆಯ ಪೆಟ್ಟಿಗೆಯಲ್ಲಿ ಅಂಥ ಹೊದಿಕೆಯ ಪುಸ್ತಕ ಯಾರಲ್ಲಾದರೂ ಉಳಿದಿದ್ದರೆ, ಹೊದಿಕೆಯನ್ನು ಬಿಚ್ಚದೆ ಹಾಗೆಯೇ ಸಂಘದ ಕಚೇರಿಗೆ ತಲುಪಿಸಬೇಕೆಂದು ವಿನಂತಿ.