ಹಿತ್ತಲಿನ ಡೆಕ್: ಮರವನ್ನು ಉಳಿಸಿಕೊಳ್ಳುವ ಕೆಲಸದ ಚರಿತ್ರೆ

ಅಮೆರಿಕದ ಮನೆಗಳ ಹಿತ್ತಲಲ್ಲಿ ಇಂದು ಎಲ್ಲೆಡೆ ಕಾಣುವ ಡೆಕ್, ಅಂದರೆ ಹಿಂಬಾಗಿಲಿಗೆ ಹೊಂದಿಕೊಂಡು ಕಂಬ ಮತ್ತು ತೊಲೆಗಳ ಮೇಲೆ ನಿಲ್ಲಿಸಿದ, ಮೇಲೆ ಮಾಡಿಲ್ಲದ ಮರದ ಹಾಸು, ಎರಡನೆಯ ಮಹಾಯುದ್ಧದ ನಂತರವೇ ವ್ಯಾಪಕವಾಗಿ ಹರಡಿತು. ಅದಕ್ಕೆ ಮೊದಲು ಅಲ್ಲಿನ ಕುಟುಂಬಗಳು ಸಂಜೆ ಕಳೆಯುತ್ತಿದ್ದುದು ಮನೆಯ ಮುಂಭಾಗದ ಪೋರ್ಚ್‌ನಲ್ಲಿ; ಬೀದಿಯ ಕಡೆ ಮುಖಮಾಡಿ, ಹೋಗುಬರುವವರನ್ನು ಮಾತನಾಡಿಸಲು ಅನುವಾಗಿದ್ದ ಆ ಜಾಗ ನಮ್ಮ ಹಳೆಯ ಮನೆಗಳ ಜಗಲಿಯಂತೆಯೇ ಇತ್ತು. ಮೋಟಾರು ವಾಹನಗಳಿಂದ ಬೀದಿಗೆ ಗದ್ದಲವೂ ಧೂಳೂ ಬಂದುದರಿಂದ, ಮತ್ತು 1944ರ ಸೈನಿಕ ಸೌಲಭ್ಯ ಕಾಯಿದೆಯ ನೆರವಿನಿಂದ ಯುದ್ಧದಿಂದ ಮರಳಿದವರು ಹೊಸ ಉಪನಗರಗಳಲ್ಲಿ ಹಿತ್ತಲುಳ್ಳ ಸ್ವಂತ ಮನೆಗಳನ್ನು ಕೊಂಡುದರಿಂದ, ಸಂಸಾರದ ಬಿಡುವಿನ ಜೀವನ ಮುಂಭಾಗವನ್ನು ತೊರೆದು ಹಿಂಭಾಗಕ್ಕೆ ಸರಿಯಿತು. ಈ ಸ್ಥಳಾಂತರದಲ್ಲಿ ಪೋರ್ಚ್‌ನ ಮಾಡು ಬಿಟ್ಟುಹೋಯಿತು ಎಂಬುದನ್ನು ಚರಿತ್ರೆಕಾರರು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಡೆಕ್‌ನ ಆರೈಕೆಯ ಕಥೆಯೆಲ್ಲ ಆರಂಭವಾಗುವುದು ಅಲ್ಲಿಂದಲೇ, ಏಕೆಂದರೆ ಮಳೆ, ಹಿಮ ಮತ್ತು ಬಿಸಿಲಿಗೆ ಅಡ್ಡಲಾಗಿ ಮಲಗಿಸಿದ ಹಲಗೆಯಷ್ಟು ಕಷ್ಟಕ್ಕೊಳಗಾಗುವ ಮರ ಮನೆಯ ಬೇರಾವ ಭಾಗದಲ್ಲೂ ಇರುವುದಿಲ್ಲ.

ಡೆಕ್‌ಗೆ ಕಲಾತ್ಮಕ ರೂಪ ಕೊಟ್ಟವರಲ್ಲಿ ಕ್ಯಾಲಿಫೋರ್ನಿಯಾದ ಉದ್ಯಾನಶಿಲ್ಪಿ ಥಾಮಸ್ ಚರ್ಚ್ ಪ್ರಮುಖ. ಸೊನೋಮಾ ಪ್ರಾಂತದ ಡಾನೆಲ್ ಕುಟುಂಬಕ್ಕಾಗಿ ಅವರು ರೂಪಿಸಿ 1948ರಲ್ಲಿ ಸಿದ್ಧವಾದ ತೋಟದಲ್ಲಿ, ಅಲ್ಲಿದ್ದ ಓಕ್ ಮರಗಳನ್ನು ಕಡಿಯದೆ ಅವುಗಳ ಸುತ್ತ ತೆರಪು ಬಿಟ್ಟು ರೆಡ್‌ವುಡ್ ಹಲಗೆಗಳ ಹಾಸನ್ನು ಕಟ್ಟಲಾಗಿತ್ತು. ಪೆಸಿಫಿಕ್ ಕರಾವಳಿಯ ಮಂಜುಕವಿದ ಕಾಡುಗಳಲ್ಲಿ ಬೆಳೆಯುವ ರೆಡ್‌ವುಡ್‌ನ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಮರವೇ ತಯಾರಿಸಿಕೊಂಡ ಟ್ಯಾನಿನ್ ಮೊದಲಾದ ಪದಾರ್ಥಗಳು ತುಂಬಿರುವುದರಿಂದ ಅದನ್ನು ಶಿಲೀಂಧ್ರವಾಗಲಿ ಗೆದ್ದಲಾಗಲಿ ಸುಲಭವಾಗಿ ತಿನ್ನಲಾರವು. ಆ ಕಾಲದ ಮನೆಯೊಡೆಯರಿಗೆ ಇದು ಆರೈಕೆಯನ್ನೇ ಬೇಡದ ಮರವೆಂದು ತೋರಿದ್ದು ಸಹಜ.

ಆದರೆ ಕೊಳೆಯದ ಮರವೂ ಬಿಸಿಲಿಗೆ ಸೋಲುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಮರದ ನಾರುಗಳನ್ನು ಬಂಧಿಸಿಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಹಲಗೆ ಬೂದುಬಣ್ಣಕ್ಕೆ ತಿರುಗಿ ಸಿಬಿರೇಳುತ್ತದೆ. ನೀರು ಕುಡಿದು ಉಬ್ಬುವುದೂ ಒಣಗಿ ಕುಗ್ಗುವುದೂ ಪದೇಪದೇ ನಡೆದಾಗ ಬಿರುಕು ಬಿಡುತ್ತದೆ, ಮೊಳೆ ಮೇಲೇಳುತ್ತದೆ. ಸಾಮಾನ್ಯ ಬಣ್ಣ ಬಳಿದರೆ ಅದರ ಪದರ ಒಡೆದ ಕಡೆ ಒಳಹೊಕ್ಕ ನೀರು ಹೊರಬರಲಾಗದೆ ಕೊಳೆಗೆ ದಾರಿಯಾಗುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಸ್ಥಾಪಿತವಾದ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಈ ಸಮಸ್ಯೆಗೆ 1950ರ ದಶಕದಲ್ಲಿ ಒಂದು ಪರಿಹಾರ ಕಂಡುಹಿಡಿಯಿತು. ‘ಮ್ಯಾಡಿಸನ್ ಸೂತ್ರ’ವೆಂದು ಹೆಸರಾದ ಆ ಲೇಪದಲ್ಲಿ ಅಗಸೆ ಎಣ್ಣೆ, ನೀರನ್ನು ತಡೆಯುವ ಮೇಣ, ಬಿಸಿಲನ್ನು ತಡೆಯುವ ವರ್ಣಕಣಗಳು ಮತ್ತು ಶಿಲೀಂಧ್ರನಾಶಕವಾದ ಪೆಂಟಾಕ್ಲೋರೋಫಿನಾಲ್ ಸೇರಿದ್ದವು, ಅದು ಮೇಲೆ ಪದರವಾಗಿ ಕೂರದೆ ಮರದೊಳಕ್ಕೆ ಇಳಿಯುತ್ತಿದ್ದುದರಿಂದ ಸುಲಿದು ಏಳುತ್ತಿರಲಿಲ್ಲ, ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಮತ್ತೆ ಬಳಿಯಬಹುದಾಗಿತ್ತು. ಪೆಂಟಾಕ್ಲೋರೋಫಿನಾಲ್ ವಿಷಕಾರಿಯೆಂದು ಮುಂದೆ ಮನೆಬಳಕೆಯಿಂದ ಹೊರಬಿದ್ದರೂ, ಕೆಲವು ವರ್ಷಗಳಿಗೊಮ್ಮೆ ತೊಳೆದು, ಒಣಗಿಸಿ, ಎಣ್ಣೆಲೇಪ ಕುಡಿಸುವ ಇಂದಿನ ವಾಡಿಕೆಯ ಹಿಂದೆ ಇದೇ ತಿಳಿವಳಿಕೆಯಿದೆ.

ಹಳೆಯ ರೆಡ್‌ವುಡ್ ಕಾಡುಗಳು ಬಹುಪಾಲು ನೆಲಸಮವಾಗಿ, 1968ರಲ್ಲಿ ರಾಷ್ಟ್ರೀಯ ಉದ್ಯಾನವೊಂದು ಸ್ಥಾಪನೆಯಾಗಿ 1978ರಲ್ಲಿ ವಿಸ್ತಾರಗೊಳ್ಳುವ ವೇಳೆಗೆ, ಡೆಕ್ ಕಟ್ಟುವವರು ದಕ್ಷಿಣದ ರಾಜ್ಯಗಳ ಅಗ್ಗದ ಪೈನ್ ಮರದತ್ತ ತಿರುಗಿದ್ದರು. ಪೈನ್ ತನ್ನಷ್ಟಕ್ಕೆ ಹೊರಗಿನ ಹವೆಯಲ್ಲಿ ಬೇಗನೆ ಲಡ್ಡಾಗುವ ಮರ. ಅದನ್ನು ಉಳಿಸಿದ ವಿದ್ಯೆ ಎರಡು ಮೂಲಗಳಿಂದ ಬಂದಿತು. ಮೊದಲನೆಯದು, ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ವಿಧಾನ: ಮುಚ್ಚಿದ ಉರುಳೆಯೊಳಗೆ ಮರವನ್ನಿಟ್ಟು, ಅದರ ಗಾಳಿಯನ್ನು ಹೀರಿ ತೆಗೆದು, ಬಳಿಕ ರಕ್ಷಕ ದ್ರವವನ್ನು ಒತ್ತಡದಿಂದ ಒಳನುಗ್ಗಿಸುವುದು. ರೈಲುಹಳಿಗಳ ಅಡಿಮರಗಳಿಗೆ ಇದು ಒದಗಿತಾದರೂ, ಅವುಗಳಿಗೆ ತುಂಬುತ್ತಿದ್ದ ಕ್ರಿಯೋಸೋಟ್ ಎಂಬ ಕಲ್ಲಿದ್ದಲ ಟಾರಿನ ಎಣ್ಣೆ ಕಪ್ಪಾಗಿ, ನಾರುತ್ತ, ಬಟ್ಟೆಗೆ ಅಂಟುವಂಥದು. ಬರಿಗಾಲಲ್ಲಿ ಮಕ್ಕಳು ಓಡಾಡುವ ಹಾಸಿಗೆ ಅದು ಸಲ್ಲದು.

ಎರಡನೆಯ ಮೂಲ ಭಾರತದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್, ಅಂದರೆ ಪಾಷಾಣ, ಇವುಗಳ ಲವಣಗಳನ್ನು ನೀರಿನಲ್ಲಿ ಕರಗಿಸಿದ ರಕ್ಷಕವನ್ನು ಸಿದ್ಧಪಡಿಸಿದರು. ಅದಕ್ಕೆ 1938ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ತಾಮ್ರದ ಶಿಲೀಂಧ್ರನಾಶಕ ಗುಣ ಹೊಸದೇನಲ್ಲ. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತ ಬಂದ ಮಲೆನಾಡಿನ ಬೆಳೆಗಾರರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಬರಿಯ ತಾಮ್ರದ ಲವಣ ಮಳೆಗೆ ತೊಳೆದುಹೋಗುತ್ತದೆ. ಕಾಮೇಶನ್ ಅವರ ಮಿಶ್ರಣದಲ್ಲಿ ಕ್ರೋಮಿಯಂ ಮರದೊಂದಿಗೆ ರಾಸಾಯನಿಕವಾಗಿ ವರ್ತಿಸಿ ಉಳಿದೆರಡನ್ನೂ ನಾರುಗಳಿಗೆ ಬಿಗಿದುಬಿಡುತ್ತಿತ್ತು. ತಾಮ್ರಕ್ಕೂ ಬಗ್ಗದ ಕೆಲವು ಶಿಲೀಂಧ್ರಗಳನ್ನೂ ಗೆದ್ದಲನ್ನೂ ಪಾಷಾಣ ನೋಡಿಕೊಳ್ಳುತ್ತಿತ್ತು. 1970ರ ದಶಕದಿಂದ ಅಮೆರಿಕದ ಮನೆಮನೆಯ ಡೆಕ್‌ಗಳಿಗೆ ತಿಳಿಹಸಿರು ಛಾಯೆ ಕೊಟ್ಟ ಹಲಗೆ ಇದರಿಂದ ಉಪಚರಿಸಿದ್ದೇ. ಇಷ್ಟು ದೂರ ತಲುಪಿದ ಶೋಧದ ಕರ್ತೃವಿನ ಹೆಸರು ಭಾರತದಲ್ಲೇ ವಿಜ್ಞಾನದ ಪಠ್ಯಗಳ ಹೊರಗೆ ಉಳಿದಿರುವುದು ದೊಡ್ಡ ಅನ್ಯಾಯ.

ಈ ಹಲಗೆ ಆರೈಕೆಯ ಬಗ್ಗೆ ಒಂದು ತಪ್ಪು ನಂಬಿಕೆಯನ್ನೂ ಬೆಳೆಸಿತು. ಲವಣಗಳು ಕೊಳೆಯನ್ನು ತಡೆಯುತ್ತವೆಯೇ ಹೊರತು ನೀರನ್ನಲ್ಲ. ಆದ್ದರಿಂದ ಉಪಚರಿಸಿದ ಪೈನ್ ಕೂಡ ಉಬ್ಬಿ, ಕುಗ್ಗಿ, ಸೀಳುತ್ತದೆ, ಮತ್ತು ದಪ್ಪ ಕಂಬದ ಒಳಭಾಗಕ್ಕೆ ದ್ರವ ಇಳಿಯದಿರುವುದರಿಂದ ಗರಗಸದಿಂದ ಕೊಯ್ದ ತುದಿಗಳಿಗೆ ರಕ್ಷಕವನ್ನು ಮತ್ತೆ ಬಳಿಯದಿದ್ದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಇದರ ಜೊತೆಗೆ, ಹಲಗೆಯಿಂದ ಸ್ವಲ್ಪಸ್ವಲ್ಪವಾಗಿ ಪಾಷಾಣ ಜಾರಿ ಕೆಳಗಿನ ಮಣ್ಣಿಗೂ ಮಕ್ಕಳ ಕೈಗೂ ಸೇರುತ್ತದೆಯೆಂಬ ಆತಂಕ ಬಲವಾದಾಗ, 2002ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ ಒಪ್ಪಂದಕ್ಕೆ ಬಂದ ತಯಾರಕರು 2003ರ ಅಂತ್ಯಕ್ಕೆ ವಸತಿ ಬಳಕೆಗಾಗಿ ಮರವನ್ನು ಹೀಗೆ ಉಪಚರಿಸುವುದನ್ನು ನಿಲ್ಲಿಸಿದರು. ಅದರ ಜಾಗಕ್ಕೆ ಬಂದ ಪಾಷಾಣರಹಿತ ಮಿಶ್ರಣಗಳಲ್ಲಿ ತಾಮ್ರದ ಅಂಶ ಹೆಚ್ಚು. ಅದು ಸಾಮಾನ್ಯ ಉಕ್ಕಿನ ಮೊಳೆಗಳನ್ನು ಬೇಗ ಕೊರೆಯುವುದರಿಂದ ದಪ್ಪ ಸತುವಿನ ಲೇಪದ ಅಥವಾ ತುಕ್ಕುಹಿಡಿಯದ ಉಕ್ಕಿನ ಮೊಳೆಗಳು ಅನಿವಾರ್ಯವಾದವು. ಹಳೆಯ ಡೆಕ್ ಬಿಚ್ಚಿದವರು ಅದರ ಹಲಗೆಯನ್ನು ಸೌದೆಯಾಗಿ ಉರಿಸಬಾರದು, ಏಕೆಂದರೆ ಹೊಗೆಯಲ್ಲೂ ಬೂದಿಯಲ್ಲೂ ಪಾಷಾಣ ಉಳಿಯುತ್ತದೆ. ಮರದ ಪುಡಿಯನ್ನೂ ಹಳೆಯ ಪ್ಲಾಸ್ಟಿಕ್ಕನ್ನೂ ಬೆರೆಸಿ ತಯಾರಿಸಿದ ಹಲಗೆಗಳು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದು ಎಣ್ಣೆಲೇಪದ ಕೆಲಸವನ್ನು ತಪ್ಪಿಸಿದರೂ, ಅವುಗಳನ್ನು ಹೊರುವ ತೊಲೆಗಳು ಸಾಮಾನ್ಯವಾಗಿ ಮರದವೇ.

ಆ ಕಾಣದ ತೊಲೆಗಳೇ ಇತ್ತೀಚಿನ ಚರಿತ್ರೆಯ ದುಃಖದ ಭಾಗ. 2015ರ ಜೂನ್ 16ರಂದು ಬರ್ಕ್‌ಲಿ ನಗರದ ವಸತಿ ಕಟ್ಟಡವೊಂದರ ಬಾಲ್ಕನಿ, ಒಳಗೆ ಸಿಕ್ಕಿಬಿದ್ದ ನೀರಿನಿಂದ ಕೊಳೆತಿದ್ದ ತೊಲೆಗಳು ಮುರಿದು ಕುಸಿದಾಗ ಆರು ಯುವಜನರು ಸತ್ತರು. ಅದರ ಬಳಿಕ ಕ್ಯಾಲಿಫೋರ್ನಿಯಾ 2018ರಲ್ಲಿ ಮಾಡಿದ ಕಾನೂನು, ಮೂರು ಅಥವಾ ಹೆಚ್ಚು ವಾಸದ ಮನೆಗಳುಳ್ಳ ಕಟ್ಟಡಗಳಲ್ಲಿ ನೆಲದಿಂದ ಆರು ಅಡಿಗಿಂತ ಎತ್ತರದ, ಮರವನ್ನು ಆಧರಿಸಿದ ಬಾಲ್ಕನಿ ಹಾಗೂ ಡೆಕ್‌ಗಳನ್ನು ಆರು ವರ್ಷಕ್ಕೊಮ್ಮೆ ಪರಿಣತರು ತಪಾಸಣೆ ಮಾಡಬೇಕೆಂದು ವಿಧಿಸಿತು. ಒಂಟಿ ಕುಟುಂಬದ ಮನೆಯ ಹಿತ್ತಲಿನ ಡೆಕ್ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ; ಗೋಡೆಗೆ ಡೆಕ್ಕನ್ನು ಬಂಧಿಸುವ ಅಡ್ಡಪಟ್ಟಿಯ ಹಿಂದೆ ನೀರು ಇಳಿದಿದೆಯೇ, ಅದು ಮೊಳೆಯ ಬದಲು ಬೋಲ್ಟಿನಿಂದ ನಿಂತಿದೆಯೇ, ಚೂಪಾದ ಸಲಕರಣೆ ಚುಚ್ಚಿದರೆ ಮರ ಮೆತ್ತಗಿದೆಯೇ ಎಂಬುದನ್ನು ಅಲ್ಲಿ ಮನೆಯವರೇ ಬಗ್ಗಿ ನೋಡಬೇಕಾಗಿದೆ.