ದುರ್ಗದ ಕಾದಂಬರೀಮಾಲೆಯೂ ಪೂರ್ವಾಪರಸಂಗತಿಯೂ

ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ಪೊಲಾಳ್ವ ದಂಡನಾಥನು 1224ರ ಸುಮಾರಿಗೆ ಹರಿಹರೇಶ್ವರನ ಆಲಯವನ್ನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು. ಎರಡನೆಯವನು ಹೊಸದಾಗಿ ಏನನ್ನು ಸೇರಿಸಿದರೂ ಒಳಗಿದ್ದ ದೇವರು ಮೊದಲಿನ ದೇವರೇ. ಬಲಭಾಗದಲ್ಲಿ ಹರ, ಎಡಭಾಗದಲ್ಲಿ ಹರಿ. ಮುಂದೆ ಕಟ್ಟುವವನು ಹಿಂದೆ ಕಟ್ಟಿದುದಕ್ಕೆ ಎಷ್ಟರಮಟ್ಟಿಗೆ ಬದ್ಧನು ಎಂಬ ಪ್ರಶ್ನೆಯು ದೇವಾಲಯದ ವಿಷಯದಲ್ಲಿ ಏಳುವಂತೆ ಕಥಾರಚನೆಯ ವಿಷಯದಲ್ಲಿಯೂ ಏಳುತ್ತದೆ. ಒಬ್ಬನೇ ಗ್ರಂಥಕರ್ತನು ಒಂದೇ ವಸ್ತುವನ್ನು ಕುರಿತು ಹಲವು ಕಾದಂಬರಿಗಳನ್ನು ಬರೆದಾಗ, ಅವುಗಳಲ್ಲಿ ಪೂರ್ವಾಪರವಿರೋಧವಿಲ್ಲದಂತೆ ನೋಡಿಕೊಳ್ಳುವುದು ಅವನು ವಾಚಕರಿಗೆ ಸಲ್ಲಿಸಬೇಕಾದ ಋಣವೇ, ಅಥವಾ ಅದು ಅವನ ಇಚ್ಛೆಗೆ ಬಿಟ್ಟ ವಿಷಯವೇ ಎಂಬುದೇ ಇಲ್ಲಿನ ವಿಚಾರ.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ಕನ್ನಡದ ಐತಿಹಾಸಿಕ ಕಾದಂಬರಿಕಾರರಲ್ಲಿ ಅಗ್ರಗಣ್ಯರಾದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಅಂದರೆ ತ. ರಾ. ಸು. ಅವರು, 1920ರಲ್ಲಿ ಜನಿಸಿದುದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಆ ಪ್ರದೇಶವು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ದುರ್ಗದ ನಾಯಕರ ಚರಿತ್ರೆಯು ಈ ಸೀಮೆಯವರಿಗೆ ಪರರ ಚರಿತ್ರೆಯಲ್ಲ. ಹೈದರನು ದಾವಣಗೆರೆಯನ್ನು ಅಪ್ಪೋಜಿ ರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆ ಊರು ವ್ಯಾಪಾರಸ್ಥಳವಾಗಿ ಬೆಳೆಯಲು ಮೊದಲಿಟ್ಟುದು ಅಂದಿನಿಂದ. ಹೀಗೆ ದುರ್ಗವನ್ನು ಮುರಿದ ಕೈಯೇ ದಾವಣಗೆರೆಯ ಏಳಿಗೆಗೂ ಕಾರಣವಾಯಿತು.

ತ. ರಾ. ಸು. ಅವರು ದುರ್ಗವನ್ನು ಕುರಿತು ಬರೆದ ಕಾದಂಬರಿಗಳಲ್ಲಿ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಒಂದೇ ಕಥೆಯ ಮೂರು ಘಟ್ಟಗಳು. 17ನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣನ ಕಾಲದಲ್ಲಿ ನಡೆದ ಅರಮನೆಯ ಒಳಸಂಚು ಅವುಗಳ ವಸ್ತು. 'ಹೊಸ ಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಎಂಬುವೂ ಈ ಮಾಲೆಗೆ ಸೇರಿದುವು. 1754ರಲ್ಲಿ ಪಟ್ಟಕ್ಕೆ ಬಂದು 1779ರಲ್ಲಿ ಹೈದರನಿಗೆ ಸೆರೆಸಿಕ್ಕಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕೊನೆಯ ಮದಕರಿನಾಯಕನ ಕಥೆಯಾದ 'ದುರ್ಗಾಸ್ತಮಾನ'ವು ಪ್ರಕಟವಾದುದು 1982ರಲ್ಲಿ. ಗ್ರಂಥಕರ್ತರು 1984ರಲ್ಲಿ ನಿಧನರಾದರು; ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದುದು 1985ರಲ್ಲಿ. ಮೊದಲ ಕಾದಂಬರಿಗೂ ಕೊನೆಯದಕ್ಕೂ ನಡುವೆ ಹಲವು ವರ್ಷಗಳು ಕಳೆದಿದ್ದುವು. ಬರೆಯುವವನ ವಯಸ್ಸೂ ಅನುಭವವೂ ಅಷ್ಟರಲ್ಲಿ ಬೇರೆಯಾಗಿದ್ದುವು. ಅಂತಹ ಅವಧಿಯಲ್ಲಿ ಸಂಗತಿಯನ್ನು ನಿರೀಕ್ಷಿಸುವುದು ನ್ಯಾಯವೇ?

ಇಲ್ಲಿ ಪೂರ್ವಪಕ್ಷವು ಹೀಗೆ: ಕಾವ್ಯಲೋಕದಲ್ಲಿ ಕವಿಯೇ ಪ್ರಜಾಪತಿಯೆಂಬುದು ಆಲಂಕಾರಿಕರ ಪ್ರಸಿದ್ಧ ಮತ. ಪ್ರಜಾಪತಿಯನ್ನು ಪ್ರಶ್ನಿಸುವವರಾರು? ಮೇಲಾಗಿ ಪ್ರತಿಯೊಂದು ಗ್ರಂಥವೂ ಸ್ವತಂತ್ರವಾದ ಪ್ರಬಂಧ. 'ದುರ್ಗಾಸ್ತಮಾನ'ವನ್ನು ಮಾತ್ರ ಓದುವವನಿಗೆ 'ರಕ್ತರಾತ್ರಿ'ಯ ಗೊಡವೆ ಏಕೆ? ವಾಚಕನು ಗ್ರಂಥಕ್ಕೆ ಬೆಲೆ ಕೊಟ್ಟನು, ಗ್ರಂಥವನ್ನು ಪಡೆದನು. ಅಲ್ಲಿಗೆ ವ್ಯವಹಾರ ಮುಗಿಯಿತು, ಋಣವೆಲ್ಲಿ ಉಳಿಯಿತು?

ಇದಕ್ಕೆ ಸಮಾಧಾನ. ಪ್ರಜಾಪತಿಯೂ ಸ್ವೇಚ್ಛಾಚಾರಿಯಲ್ಲ, ವಿಧಾತನು ಸೂರ್ಯಚಂದ್ರರನ್ನು ಮೊದಲಿದ್ದಂತೆಯೇ ನಿರ್ಮಿಸಿದನೆಂದು ಶ್ರುತಿಯೇ ಹೇಳುತ್ತದೆ. ಇನ್ನು ಋಣದ ಮಾತು. ಒಂದೇ ಕಾದಂಬರಿಯನ್ನು ಬರೆದವನಲ್ಲಿ ಈ ಋಣವಿಲ್ಲವೆಂಬುದು ನಿಜ. ಆದರೆ ಎರಡನೆಯದನ್ನು ಬರೆಯುವವನು ತನ್ನ ಪಾತ್ರಗಳನ್ನು ಹೊಸದಾಗಿ ಪರಿಚಯಿಸುವುದಿಲ್ಲ. ಹೆಸರನ್ನೆತ್ತಿದ ಮಾತ್ರಕ್ಕೆ ವಾಚಕನಲ್ಲಿ ಹಿಂದಿನ ಶೋಕವೂ ಕ್ರೋಧವೂ ತಾವಾಗಿ ಏಳುತ್ತವೆ. ಆ ಸಂಸ್ಕಾರವು ವಾಚಕನ ಸ್ವತ್ತು. ಅದನ್ನು ಬಳಸಿಕೊಂಡು ಕಥೆಯನ್ನು ಮುಂದುವರಿಸುವವನು ವಾಚಕನಿಂದ ಕಡ ತೆಗೆದುಕೊಂಡಂತೆಯೇ ಸರಿ. ದಾವಣಗೆರೆಯ ಮಂಡಿಯ ವರ್ತಕನು ಹಳೆಯ ಕಿರ್ದಿಯ ಶಿಲ್ಕನ್ನು ಹೊಸ ಕಿರ್ದಿಯ ಮೊದಲ ಪುಟಕ್ಕೆ ತರುತ್ತಾನೆ. ಶಿಲ್ಕನ್ನು ತಂದುಕೊಂಡು ಬಾಕಿಯನ್ನು ಬಿಡುವ ವರ್ತಕನನ್ನು ಯಾರೂ ನಂಬುವುದಿಲ್ಲ. ಆದುದರಿಂದ ಋಣವುಂಟೆಂಬುದು ಸಿದ್ಧ. ಅದು ಯಾವುದರ ಋಣ, ಎಷ್ಟರ ಋಣ ಎಂಬುದನ್ನು ಮಾತ್ರ ವಿವೇಚಿಸಬೇಕಾಗಿದೆ.

ಸಂಗತಿಯು ಮೂರು ಬಗೆ: ವೃತ್ತಾಂತದ ಸಂಗತಿ, ಪ್ರಕೃತಿಯ ಸಂಗತಿ, ರಸದ ಸಂಗತಿ. ತಿಥಿ, ಸ್ಥಳ, ಸಂಬಂಧ ಮುಂತಾದುವು ಮೊದಲನೆಯದಕ್ಕೆ ಸೇರಿದುವು. ಆಂಗ್ಲ ಕಥೆಗಾರ ಕಾನನ್ ಡಾಯ್ಲನು 1887ರ ಗ್ರಂಥದಲ್ಲಿ ಡಾಕ್ಟರ್ ವಾಟ್ಸನ್ನನ ಭುಜಕ್ಕೆ ತಗಲಿಸಿದ ಗುಂಡಿನ ಗಾಯವನ್ನು 1890ರ ಗ್ರಂಥದಲ್ಲಿ ಕಾಲಿಗೆ ಇಳಿಸಿದನು. ವಾಚಕರು ನಕ್ಕರೇ ಹೊರತು ಗ್ರಂಥವನ್ನು ಬಿಡಲಿಲ್ಲ. ಏಕೆಂದರೆ ವಾಟ್ಸನ್ನನ ಸ್ನೇಹವೂ ಸರಳತೆಯೂ ಗಾಯದೊಡನೆ ಸ್ಥಳವನ್ನು ಬದಲಿಸಲಿಲ್ಲ.

ಸಂಸ್ಕೃತದಲ್ಲಿ ಇದಕ್ಕಿಂತ ಗಹನವಾದ ನಿದರ್ಶನವುಂಟು. ಭವಭೂತಿಯ 'ಮಹಾವೀರಚರಿತ' ಮತ್ತು 'ಉತ್ತರರಾಮಚರಿತ'ಗಳು ಒಬ್ಬನೇ ನಾಯಕನ ಪೂರ್ವೋತ್ತರಕಥೆಗಳು. ರಾಮನಿಗೆ ಕಳಂಕ ತಟ್ಟದಿರಲೆಂದು ಮೊದಲ ನಾಟಕದಲ್ಲಿ ಕವಿಯು ಮೂಲಕಥೆಯನ್ನು ಮಾರ್ಪಡಿಸಿ, ಮಾಲ್ಯವಂತನ ಪ್ರೇರಣೆಯಿಂದ ವಾಲಿಯೇ ರಾಮನೊಡನೆ ಕಾಳಗಕ್ಕೆ ಬರುವಂತೆ ಮಾಡಿದನು. ಎರಡನೆಯ ನಾಟಕದ ಐದನೆಯ ಅಂಕದಲ್ಲಿಯಾದರೋ ಲವನು ವಾಲಿವಧೆಯನ್ನೇ ಎತ್ತಿ ರಾಮನ ಶೌರ್ಯವನ್ನು ಹಾಸ್ಯಮಾಡುತ್ತಾನೆ. ಮೊದಲ ನಾಟಕದ ಕಥೆಯೇ ನಿಂತಿದ್ದರೆ ಈ ನಿಂದೆಗೆ ಆಸ್ಪದವೇ ಇಲ್ಲ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವಿಚಾರದಲ್ಲಿ ಈ ಪದ್ಯವನ್ನೇ ಎತ್ತಿಕೊಂಡು ದೂಷಿಸಿದನು. ಆದರೆ ಅವನ ಆಕ್ಷೇಪವು 'ಹಿಂದಿನ ನಾಟಕಕ್ಕೆ ವಿರೋಧ' ಎಂಬುದಲ್ಲ. ಅಪ್ರಧಾನನಾದ ಬಾಲಕನ ವೀರವನ್ನು ಉದ್ದೀಪಿಸುವುದಕ್ಕಾಗಿ ಪ್ರಧಾನನಾಯಕನ ವೀರವನ್ನು ಕವಿಯೇ ತನ್ನ ಬಾಯಿಂದ ಕೆಡಿಸಿದನೆಂಬುದು. ವೃತ್ತಾಂತವಿರೋಧವನ್ನು ಗಣನೆಗೇ ತಾರದ ವಿಮರ್ಶಕನು ರಸವಿರೋಧವನ್ನು ಮಾತ್ರ ಕ್ಷಮಿಸಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಆನಂದವರ್ಧನನೂ ಈ ದಾರಿಯನ್ನೇ ತೋರಿದ್ದಾನೆ. ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಅನನುಗುಣವಾದುದನ್ನು ಬಿಟ್ಟು ಬೇರೆ ಕಲ್ಪಿಸಬಹುದೆಂದು ಅವನು ಅನುಜ್ಞೆ ಕೊಟ್ಟನು. ರಾಮಾಯಣಾದಿ ಸಿದ್ಧರಸವಾದ ಕಥೆಗಳಲ್ಲಿ ಮಾತ್ರ ರಸವಿರೋಧಿಯಾದ ಸ್ವೇಚ್ಛೆ ಸಲ್ಲದೆಂದು ತಡೆದನು. ಈ ನಿಯಮವನ್ನು ಕಾದಂಬರೀಮಾಲೆಗೆ ಅನ್ವಯಿಸಿದರೆ ಹೊಸದೊಂದು ಅಂಶವು ಹೊಳೆಯುತ್ತದೆ. ಮೊದಲ ಗ್ರಂಥವು ವಾಚಕರ ಹೃದಯದಲ್ಲಿ ನೆಲೆಗೊಂಡ ಕೂಡಲೆ, ಅದು ಗ್ರಂಥಕರ್ತನಿಗೇ ಸಿದ್ಧರಸವಾದ ಕಥೆಯಾಗುತ್ತದೆ. ವಾಲ್ಮೀಕಿಗೆ ಇತರ ಕವಿಗಳು ಎಷ್ಟು ಬದ್ಧರೋ ತನ್ನ ಮೊದಲ ಗ್ರಂಥಕ್ಕೆ ಅವನು ಅಷ್ಟು ಬದ್ಧನು. ಅದಕ್ಕಿಂತ ಹೆಚ್ಚಾಗಿಯೂ ಅಲ್ಲ, ಕಡಮೆಯಾಗಿಯೂ ಅಲ್ಲ.

ದುರ್ಗದ ಮಾಲೆಯನ್ನು ಈ ನಿಕಷದಲ್ಲಿ ನೋಡಬೇಕು. ಎಲ್ಲ ಕಾದಂಬರಿಗಳಿಗೂ ಸಮಾನನಾದ ನಾಯಕನೊಬ್ಬನಿಲ್ಲ. ನಾಯಕರು ಬರುತ್ತಾರೆ, ಅಳಿಯುತ್ತಾರೆ. ಅಳಿಯದೆ ನಿಂತುದು ದುರ್ಗವೊಂದೇ. ಮಾಲೆಯ ನಿಜವಾದ ನಾಯಕಸ್ಥಾನ ಅದಕ್ಕೇ ಸಲ್ಲುತ್ತದೆ. ಅಂಗಿಯಾದ ರಸವು ಕರುಣ. ವೀರವು ಅಲ್ಲಲ್ಲಿ ಉಜ್ಜ್ವಲವಾಗಿ ಕಂಡರೂ ಅಂಗವೇ. ಹೆಸರುಗಳೇ ಇದಕ್ಕೆ ಸಾಕ್ಷಿ: ಮೊದಲು ಕಂಬನಿ, ಬಳಿಕ ರಾತ್ರಿ, ಬಳಿಕ ಹಗಲು, ಕಡೆಗೆ ಅಸ್ತಮಾನ. ಮುದ್ದಣ್ಣನ ಕಾಲದಲ್ಲಿ ಅರಮನೆಯೊಳಗೇ ಹುಟ್ಟಿದ ಭೇದವನ್ನು ಕಂಡ ವಾಚಕನು, ಮದಕರಿಯ ಪತನವನ್ನು ಓದುವಾಗ ಹೊರಗಿನ ಶತ್ರುವನ್ನು ಮಾತ್ರ ನೋಡುವುದಿಲ್ಲ. ಈ ಐಕ್ಯವಿರುವಲ್ಲಿ ವೃತ್ತಾಂತದ ಸಣ್ಣಪುಟ್ಟ ಏರುಪೇರುಗಳು ಮಾಲೆಯನ್ನು ಹರಿಯಲಾರವು.

ಪ್ರಕೃತಿಯ ಸಂಗತಿಯ ವಿಷಯದಲ್ಲಿ ಈ ಗ್ರಂಥಕರ್ತರ ಅಭಿಪ್ರಾಯವೇನಿದ್ದಿತೆಂಬುದಕ್ಕೆ ಬೇರೊಂದು ಪ್ರಸಂಗವು ಪ್ರಮಾಣವಾಗಿದೆ. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳಿಂದ ಕಥೆಯನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಲಚ್ಚಿತ್ರವನ್ನು ನಿರ್ದೇಶಿಸಿದರು. ಜನರು ಅದನ್ನು ಅಪಾರವಾಗಿ ಮೆಚ್ಚಿದರು. ಮೂಲಲೇಖಕರು ಮಾತ್ರ ತಮ್ಮ ನಾಗರಹಾವು ಕೆರೆಹಾವಾಯಿತೆಂದು ನೊಂದುಕೊಂಡರೆಂಬ ಮಾತು ಪ್ರಸಿದ್ಧವಾಗಿದೆ. ಘಟನೆಗಳು ಬದಲಾದುದಕ್ಕಲ್ಲ, ರಾಮಾಚಾರಿಯ ಸ್ವಭಾವದ ವಿಷವೇ ಇಳಿದುದಕ್ಕೆ ಆ ನೋವು ಎಂಬುದು ಆ ಮಾತಿನಿಂದಲೇ ವ್ಯಕ್ತ. ಪರರ ಕೈಯಲ್ಲಿ ಸಲ್ಲದುದು ಸ್ವಂತ ಕೈಯಲ್ಲಿಯೂ ಸಲ್ಲದು. ಸ್ವಭಾವವು ಬದಲಾಗಲೇಬಾರದೆಂದಲ್ಲ, ಬದಲಾದರೆ ಕಾರಣವು ಕಥೆಯಲ್ಲಿಯೇ ಕಾಣಬೇಕು.

ಇನ್ನೊಂದು ಸಂಶಯವು ಉಳಿಯುತ್ತದೆ. ಐತಿಹಾಸಿಕ ಕಾದಂಬರಿಕಾರನಿಗೆ ಒಡೆಯರು ಇಬ್ಬರು: ಹಿಂದಿನ ಗ್ರಂಥವೊಂದು, ಚರಿತ್ರೆಯೊಂದು. ಎಂ. ಎಸ್. ಪುಟ್ಟಣ್ಣನವರು ದುರ್ಗದ ಪಾಳೆಯಗಾರರನ್ನು ಕುರಿತು ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಯ ಸಾಮಗ್ರಿಯನ್ನು ಬಹುಶ್ರಮದಿಂದ ಸಂಗ್ರಹಿಸಿದರು. ಅಂತಹ ಶೋಧನೆಯಿಂದ ಹೊಸ ಶಾಸನವೊಂದು ದೊರೆತು, ಮೊದಲ ಕಾದಂಬರಿಯ ವೃತ್ತಾಂತವು ತಪ್ಪೆಂದು ತಿಳಿದುಬಂದರೆ ಗತಿಯೇನು? ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಅನೇಕ ಮನೆಗಳಲ್ಲಿ ನಾಯಕರ ಚರಿತ್ರೆಯು ಕೈಫಿಯತ್ತುಗಳಿಂದ ತಿಳಿದುದಲ್ಲ, ಈ ಕಾದಂಬರಿಗಳಿಂದ ತಿಳಿದುದು. ಆದುದರಿಂದ ಈ ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯಲ್ಲ. ಸಂಗತಿಯ ನೆಪದಿಂದ ತಿಳಿದ ತಪ್ಪನ್ನು ಮುಂದುವರಿಸುವುದು ವಾಚಕನಿಗೆ ಖೋಟಾ ನಾಣ್ಯದಲ್ಲಿ ಸಾಲ ತೀರಿಸಿದಂತೆ. ಸದ್ದಿಲ್ಲದೆ ಬದಲಿಸುವುದೂ ಪ್ರಾಮಾಣಿಕವಲ್ಲ. ಸತ್ಯವನ್ನು ಅನುಸರಿಸಿ, ಬದಲಾವಣೆಯನ್ನು ಮುನ್ನುಡಿಯಲ್ಲಿ ತಿಳಿಸುವುದೇ ಯುಕ್ತ.

ಹೀಗೆ ವೃತ್ತಾಂತವನ್ನು ತಿದ್ದಬಹುದು, ತಿಳಿಸಿ ತಿದ್ದಬೇಕು. ಪ್ರಕೃತಿಯನ್ನು ಮಾರ್ಪಡಿಸಬಹುದು, ಕಾರಣ ತೋರಿ ಮಾರ್ಪಡಿಸಬೇಕು. ಸಿದ್ಧವಾದ ರಸವನ್ನು ಮಾತ್ರ ಕೆಡಿಸಲಾಗದು. ಹರಿಹರದ ಆಲಯಕ್ಕೆ ಯಾರು ಏನನ್ನು ಸೇರಿಸಿದರೂ ಭಕ್ತನು ಒಳಗೆ ಬಂದಾಗ ಅದೇ ದೇವರನ್ನು ಕಾಣುವಂತೆ, ಮಾಲೆಯ ಯಾವ ಗ್ರಂಥವನ್ನು ತೆರೆದರೂ ವಾಚಕನಿಗೆ ತಾನು ಹಿಂದೆ ಕಣ್ಣೀರಿಟ್ಟ ದುರ್ಗವೇ ಕಾಣಬೇಕು. ಗ್ರಂಥಕರ್ತನು ತೀರಿಸಬೇಕಾದ ಋಣವು ಇಷ್ಟೆ.