ಆಟದ ಗ್ರಂಥವೂ ಅದರ ಪರವಾನಗಿಯೂ

ಪಗಡೆಯ ನಿಯಮಗಳಿಗೆ ಒಡೆಯರು ಯಾರು ಎಂದು ಯಾರಾದರೂ ಕೇಳಿದರೆ ನೀವು ನಕ್ಕುಬಿಡುವಿರಿ. ಚೌಕಾಬಾರದ ಕಾಯಿ ನಮ್ಮ ಮನೆಯಲ್ಲಿ ಒಂದು ರೀತಿ ನಡೆದರೆ ಪಕ್ಕದ ಮನೆಯಲ್ಲಿ ಇನ್ನೊಂದು ರೀತಿ. ಆ ಮನೆಯ ಅಜ್ಜಿ ಹೇಳಿದ್ದೇ ಅಲ್ಲಿಯ ಶಾಸ್ತ್ರ. ಶಾಸ್ತ್ರಭೇದವಾಯಿತೆಂದು ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಿಲ್ಲ. ಆದರೆ ನಿಯಮಗಳೇ ನೂರಾರು ಪುಟಗಳ ಗ್ರಂಥವಾಗಿ ಅಚ್ಚಾಗಿರುವ, ಆ ಗ್ರಂಥಕ್ಕೆ ಒಬ್ಬ ಒಡೆಯನೂ ಇರುವ ಆಟವೊಂದು ಅಮೆರಿಕದಲ್ಲಿ ಹುಟ್ಟಿ ಐವತ್ತು ವರ್ಷ ದಾಟಿದೆ. ಅದನ್ನು ಪ್ರೀತಿಸುವವರೇ ಅದರ ಆವೃತ್ತಿಗಳಿಗಾಗಿ, ಪರವಾನಗಿ ಪತ್ರಗಳಿಗಾಗಿ ಹಲವು ಸಲ ಇಬ್ಭಾಗವಾಗಿದ್ದಾರೆ. 2023ರ ಜಗಳವಂತೂ ಒಂದು ವಿಶೇಷಣದ ಅರ್ಥವನ್ನು ಕುರಿತು ನಡೆಯಿತು. ವ್ಯಾಕರಣ ಪಾಠ ಹೇಳುವುದರಲ್ಲೇ ತಲೆ ನರೆತ ನನಗೆ ಈ ಕಥೆ ಹಿಡಿಸಿದ್ದು ಅದರಿಂದಲೇ.

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದವನು ಜೇಬಿನಿಂದ ಒಂದು ದಾಳವನ್ನು ತೆಗೆದು ಮೇಜಿನ ಮೇಲಿಟ್ಟ. ಅದಕ್ಕೆ ಇಪ್ಪತ್ತು ಮುಖ! ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆಗಳೂ ಘಟಸರ್ಪಗಳೂ ಎಂದುಕೊಳ್ಳಿ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಸೂತ್ರಧಾರ ಸನ್ನಿವೇಶವನ್ನು ವರ್ಣಿಸುತ್ತಾನೆ, ಪಾತ್ರಧಾರಿಗಳು ತಾವೇನು ಮಾಡುವೆವೆಂದು ಹೇಳುತ್ತಾರೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ವೇಷವಿಲ್ಲ, ಮಾತೇ ಎಲ್ಲ. ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಇಲ್ಲಿ ಕಥೆಯ ಕೊನೆ ಮಾತ್ರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

1974ರ ಜನವರಿಯಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಈ ಆಟ ಹೊರಟಿತು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ತೆಳು ಪುಸ್ತಿಕೆಗಳು, ಬೆಲೆ 10 ಡಾಲರು, ಮೊದಲ ಮುದ್ರಣ 1,000 ಪ್ರತಿ. ಕರ್ತೃಗಳು ಇಬ್ಬರು: ಆ ಊರಿನ ಗ್ಯಾರಿ ಗೈಗ್ಯಾಕ್ಸ್, ನೆರೆಯ ಮಿನೆಸೋಟ ಸಂಸ್ಥಾನದ ಡೇವ್ ಆರ್ನೆಸನ್. ಪ್ರಕಟಿಸಿದ್ದು ಗೈಗ್ಯಾಕ್ಸರು ಗೆಳೆಯರೊಡನೆ ಹಿಂದಿನ ವರ್ಷ ಕಟ್ಟಿದ್ದ ಟಿಎಸ್‌ಆರ್ ಎಂಬ ಕಿರು ಸಂಸ್ಥೆ. ಪುಸ್ತಿಕೆಗಳಲ್ಲಿ ಬಿಟ್ಟುಹೋದದ್ದು ಬಹಳ, ಅಸ್ಪಷ್ಟವಾಗಿದ್ದದ್ದೂ ಬಹಳ. ಆದಕಾರಣ ಊರೂರಿನ ಆಟಗಾರರು ತಮ್ಮ ತಮ್ಮ ನಿಯಮಗಳನ್ನು ಸೇರಿಸಿಕೊಂಡರು. ಅಜ್ಜಿಯ ಶಾಸ್ತ್ರ ಅಲ್ಲಿಯೂ ಇತ್ತು.

ಒಡಕು ಬಹುಬೇಗ ಕಾಣಿಸಿಕೊಂಡಿತು. 1977ರಿಂದ 1979ರವರೆಗೆ ಆಟದ ಹೆಸರಿಗೆ ‘ಅಡ್ವಾನ್ಸ್ಡ್’ ಎಂಬ ಪದವನ್ನು ಸೇರಿಸಿ ಗೈಗ್ಯಾಕ್ಸರು ಮೂರು ದಪ್ಪ ಗ್ರಂಥಗಳನ್ನು ತಂದರು. ಇದು ಹಳೆಯದರ ವಿಸ್ತಾರವಲ್ಲ, ಬೇರೆಯೇ ಆಟ ಎಂದು ಸಂಸ್ಥೆ ವಾದಿಸಿತು. ಬೇರೆ ಆಟವೇ ಆದರೆ ಆರ್ನೆಸನ್ನರಿಗೆ ರಾಯಧನ ಕೊಡಬೇಕಾಗಿಲ್ಲವಷ್ಟೆ! ಅವರು 1979ರಲ್ಲಿ ದಾವೆ ಹೂಡಿದರು, 1981ರಲ್ಲಿ ರಾಜಿಯಾಯಿತು. ಹೊಸ ಆವೃತ್ತಿ ಹಳೆಯದರ ಮಗನೋ ಅಥವಾ ಪರಕೀಯನೋ ಎಂಬ ಪ್ರಶ್ನೆಗೂ ಹಣಕ್ಕೂ ಇರುವ ನಂಟು ಆಗಲೇ ಬೆಳಕಿಗೆ ಬಂತು. ಮುಂದೆ ಸಂಸ್ಥೆಯಿಂದ ಹೊರಬಿದ್ದ ಗೈಗ್ಯಾಕ್ಸರು 1992ರಲ್ಲಿ ಬೇರೊಂದು ಆಟವನ್ನು ಬರೆದಾಗ ಅದರ ಮೇಲೂ ಅದೇ ಸಂಸ್ಥೆ ದಾವೆ ಹಾಕಿತು. ಟಿ, ಎಸ್, ಆರ್ ಎಂಬ ಮೂರು ಅಕ್ಷರಗಳಿಗೆ ‘ಪದೇ ಪದೇ ದಾವೆ ಹೂಡುವವರು’ ಎಂಬ ಅರ್ಥ ಬರುವಂತೆ ಆಟಗಾರರು ಹೊಸ ನಿಷ್ಪತ್ತಿ ಕಟ್ಟಿ ನಗುತ್ತಿದ್ದರು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಅಮೆರಿಕದ ಕೃತಿಸ್ವಾಮ್ಯ ಶಾಸನದಲ್ಲಿ ಆಡುವ ವಿಧಾನಕ್ಕೆ ಸ್ವಾಮ್ಯವಿಲ್ಲ. ಆ ವಿಧಾನವನ್ನು ವಿವರಿಸಿ ಬರೆದ ಮಾತುಗಳಿಗೆ ಉಂಟು. ದಾಳ ಉರುಳಿಸಿ ಗೆಲುವನ್ನು ನಿರ್ಣಯಿಸುವುದು ಎಲ್ಲರ ಸೊತ್ತು. ಅದನ್ನು ಹೇಳುವ ವಾಕ್ಯ, ಜೊತೆಗಿರುವ ಚಿತ್ರ ಒಡೆಯನ ಸೊತ್ತು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದನ್ನು ನ್ಯಾಯಾಲಯವೇ ಹೇಳಬೇಕು. ಮೂರು ಜನರ ಒಂದು ಪ್ರಕಾಶನ ಆ ತೀರ್ಪಿನವರೆಗೆ ವಕೀಲರ ಖರ್ಚನ್ನು ಹೊತ್ತು ಬದುಕಿರುವುದು ಹೇಗೆ? ಪರವಾನಗಿಗೆ ಬೆಲೆ ಬಂದದ್ದು ಈ ಭಯದಿಂದ.

ಟಿಎಸ್‌ಆರ್ ಸಾಲದಲ್ಲಿ ಮುಳುಗಿ 1997ರಲ್ಲಿ ವಾಷಿಂಗ್ಟನ್ ಸಂಸ್ಥಾನದ ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಎಂಬ ಕಂಪೆನಿಗೆ ಮಾರಾಟವಾಯಿತು. 1999ರಲ್ಲಿ ಆ ಕಂಪೆನಿಯನ್ನೇ ಆಟಿಕೆಗಳ ದೊಡ್ಡ ವ್ಯಾಪಾರಿ ಹ್ಯಾಸ್‌ಬ್ರೋ ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿ ಹೊರಟಾಗ, ರಯಾನ್ ಡ್ಯಾನ್ಸಿ ಎಂಬ ಅಧಿಕಾರಿಯ ಪ್ರಯತ್ನದಿಂದ, ಅದರ ಜೊತೆಗೆ ‘ಓಪನ್ ಗೇಮ್ ಲೈಸೆನ್ಸ್’ ಎಂಬ ಮುಕ್ತ ಪರವಾನಗಿ ಹೊರಟಿತು. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ತಮ್ಮ ಪುಸ್ತಕದಲ್ಲಿ ಬಳಸಬಹುದು. ಕಾಸು ಕೊಡಬೇಕಾಗಿಲ್ಲ, ಕೇಳಬೇಕಾಗಿಲ್ಲ. ಇದರಲ್ಲಿ ಔದಾರ್ಯದಷ್ಟೇ ಲೆಕ್ಕಾಚಾರವೂ ಇತ್ತು. ಚಿಕ್ಕ ಚಿಕ್ಕ ಕಥಾಪುಸ್ತಿಕೆಗಳಿಂದ ದೊಡ್ಡ ಕಂಪೆನಿಗೆ ಲಾಭವಿಲ್ಲ; ಆದರೆ ಬೇರೆಯವರು ಬರೆದ ಪ್ರತಿಯೊಂದು ಪುಸ್ತಿಕೆಯೂ ಮೂಲಗ್ರಂಥಕ್ಕೆ ಒಬ್ಬ ಗಿರಾಕಿಯನ್ನು ಕರೆತರುತ್ತದೆ. ಟಿಎಸ್‌ಆರ್ ಮುಳುಗಿದಾಗ ಆಟವೂ ಮುಳುಗುವುದರಲ್ಲಿತ್ತು. ಇನ್ನೆಂದೂ ಒಂದು ಕಂಪೆನಿಯ ಅಳಿವಿನೊಡನೆ ಆಟ ಅಳಿಯಬಾರದು ಎಂಬುದೂ ತಮ್ಮ ಉದ್ದೇಶವಾಗಿತ್ತೆಂದು ಡ್ಯಾನ್ಸಿ ಮುಂದೆ ಹೇಳಿಕೊಂಡಿದ್ದಾರೆ. ಆ ಪತ್ರವನ್ನು ನಂಬಿ ಎಷ್ಟೋ ಜನ ಪ್ರಕಾಶಕರಾದರು.

ಮೂರೇ ವರ್ಷಕ್ಕೆ, 2003ರಲ್ಲಿ, ಪರಿಷ್ಕೃತ ಆವೃತ್ತಿ ಬಂತು. ಹಿಂದಿನ ನಿಯಮಕ್ಕೆ ಬರೆದ ಪುಸ್ತಕಗಳು ಅಂಗಡಿಗಳಲ್ಲಿ ಕುಳಿತವು. ಅದಾದರೂ ಸಣ್ಣ ಪೆಟ್ಟು.

ನಿಜವಾದ ಒಡಕು 2008ರದು. ವಿಜರ್ಡ್ಸ್‌ನ ಹಳೆಯ ಸಿಬ್ಬಂದಿ 2002ರಲ್ಲಿ ಕಟ್ಟಿದ ಪೈಜೊ ಎಂಬ ಸಂಸ್ಥೆ ಈ ಆಟದ ‘ಡ್ರ್ಯಾಗನ್’, ‘ಡಂಜನ್’ ಎಂಬ ಎರಡು ಪತ್ರಿಕೆಗಳನ್ನು ಅನುಮತಿ ಪಡೆದು ನಡೆಸುತ್ತಿತ್ತು. 2007ರಲ್ಲಿ ಆ ಅನುಮತಿಯನ್ನು ಕಂಪೆನಿ ನವೀಕರಿಸಲಿಲ್ಲ. ಅದೇ ವರ್ಷ ನಾಲ್ಕನೆಯ ಆವೃತ್ತಿಯ ಘೋಷಣೆಯಾಯಿತು. ಆಟದ ನಡೆಯೇ ಬೇರೆ, ಪರವಾನಗಿಯೂ ಬೇರೆ. ಒಂದು ಪುಸ್ತಕಮಾಲೆಯನ್ನು ಹೊಸ ಪರವಾನಗಿಯಡಿ ತಂದವರು ಅದೇ ಮಾಲೆಯನ್ನು ಮತ್ತೆ ಹಳೆಯ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಕೂಡದು ಎಂಬ ನಿಬಂಧನೆ ಅದರಲ್ಲಿತ್ತು. 2009ರಲ್ಲಿ ಅದನ್ನು ಸಡಿಲಿಸಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಪೈಜೊದವರು ಮೂರನೆಯ ಆವೃತ್ತಿಯ ನಿಯಮಗಳನ್ನೇ ಮುಕ್ತ ಪರವಾನಗಿಯ ಬಲದಿಂದ ತಿದ್ದಿ, ಆಟಗಾರರ ಕೈಯಲ್ಲೇ ಪರೀಕ್ಷೆ ಮಾಡಿಸಿ, 2009ರ ಆಗಸ್ಟಿನಲ್ಲಿ ‘ಪಾತ್‌ಫೈಂಡರ್’ ಎಂಬ ಹೆಸರಿನಿಂದ ಹೊರತಂದರು. ಎರಡು ವರ್ಷದೊಳಗೆ ಅಂಗಡಿ ಮಾರಾಟದ ವರದಿಗಳಲ್ಲಿ ಮೂಲ ಆಟವನ್ನೇ ಅದು ಹಿಂದೆ ಹಾಕಿತು. ದಾಯಾದಿಗಳ ಪಾಲಾದ ಮನೆಯಲ್ಲಿ ಹಿರಿಯನ ಅಂಗಳಕ್ಕಿಂತ ಕಿರಿಯನ ಅಂಗಳದಲ್ಲಿ ಜನ ಹೆಚ್ಚಾದಂತೆ!

ಆಟಗಾರರು ಇಷ್ಟು ಕೆರಳಿದ್ದೇಕೆ, ಹಳೆಯ ಪುಸ್ತಕವನ್ನು ಯಾರೂ ಬಂದು ಕಿತ್ತುಕೊಳ್ಳಲಿಲ್ಲವಲ್ಲ ಎಂದು ನಾನು ಶಿಷ್ಯನನ್ನು ಕೇಳಿದೆ. ನಮ್ಮ ಕಾವ್ಯಗಳಲ್ಲೂ ಓಲೆಯಿಂದ ಓಲೆಗೆ ಪಾಠಾಂತರವುಂಟು; ಪಂಡಿತ ಪರೀಕ್ಷೆಗೆ ಓದುವಾಗ ನಾವು ಯಾವ ಪಾಠ ಸಾಧು ಎಂದು ರಾತ್ರಿಯೆಲ್ಲ ಕಾದಾಡಿದ್ದುಂಟು. ಅವನೆಂದ: “ಕಾವ್ಯವನ್ನು ಒಬ್ಬರೇ ಓದಬಹುದು ಸಾರ್. ಇದನ್ನು ಐವರು ಕೂಡಿ ಆಡಬೇಕು. ಇಬ್ಬರು ಹೊಸದಕ್ಕೆ ಹೋದರೆ ಉಳಿದ ಮೂವರ ಆಟವೂ ನಿಲ್ಲುತ್ತದೆ.” ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ವರ್ಷ ಒಂದೇ ಮೇಜಿಗೆ ಕೂತವರ ಗೆಳೆತನವೂ ಆ ಪುಸ್ತಕದ ಆವೃತ್ತಿಗೆ ಗಂಟುಬಿದ್ದಿದೆ ಎಂಬುದು ನನಗೆ ಹೊಳೆದಿರಲಿಲ್ಲ.

2014ರಲ್ಲಿ ಬಂದ ಐದನೆಯ ಆವೃತ್ತಿ ಬಹುಮಂದಿಯನ್ನು ಮತ್ತೆ ಒಂದುಗೂಡಿಸಿತು. 2016ರಲ್ಲಿ ಅದರ ಮೂಲ ನಿಯಮಗಳೂ ಹಳೆಯ ಮುಕ್ತ ಪರವಾನಗಿಗೆ ಸೇರಿದವು. ಜಗಳ ಮುಗಿಯಿತೆಂದು ಎಲ್ಲರೂ ತಿಳಿದರು.

2023ರ ಜನವರಿಯ ಮೊದಲ ವಾರದಲ್ಲಿ ಕಂಪೆನಿಯ ಹೊಸ ಪರವಾನಗಿಯ ಕರಡು ಬಯಲಾಯಿತು. ವರ್ಷಕ್ಕೆ 50,000 ಡಾಲರಿಗೆ ಮೇಲ್ಪಟ್ಟು ವರಮಾನವಿರುವವರು ಲೆಕ್ಕ ಒಪ್ಪಿಸಬೇಕು. 7,50,000 ಡಾಲರನ್ನು ಮೀರಿದರೆ ಮೀರಿದ ಭಾಗದಲ್ಲಿ ನೂರಕ್ಕೆ 25ರಂತೆ ರಾಯಧನ. ಲಾಭದ ಮೇಲಲ್ಲ, ಒಟ್ಟು ವರಮಾನದ ಮೇಲೆ. ಇದಕ್ಕಿಂತ ಭಯಂಕರವಾದದ್ದು ಇನ್ನೊಂದು ಮಾತು: 2000ದ ಪತ್ರ ಇನ್ನು ಮೇಲೆ ‘ಅಧಿಕೃತ’ವಲ್ಲ.

ಈಗ ವ್ಯಾಕರಣಕ್ಕೆ ಬನ್ನಿ. ಆ ಹಳೆಯ ಪತ್ರದಲ್ಲಿ ಪರವಾನಗಿ ‘ಶಾಶ್ವತ’ ಎಂದು ಬರೆದಿತ್ತು. ‘ಹಿಂತೆಗೆದುಕೊಳ್ಳಲಾಗದ್ದು’ ಎಂದು ಬರೆದಿರಲಿಲ್ಲ. ಕಂಪೆನಿ ಪತ್ರವನ್ನು ತಿದ್ದಿ ಹೊಸದಾಗಿ ಪ್ರಕಟಿಸಬಹುದು, ಬಳಸುವವರು ಅದರ ಯಾವ ‘ಅಧಿಕೃತ’ ರೂಪವನ್ನಾದರೂ ಆರಿಸಿಕೊಳ್ಳಬಹುದು ಎಂದು ಇನ್ನೊಂದು ಕಲಮು. ಬರೆದಾಗ ‘ಅಧಿಕೃತ’ವೆಂದರೆ ‘ಕಂಪೆನಿ ಹೊರಡಿಸಿದ’ ಎಂದಷ್ಟೇ ಎಲ್ಲರೂ ಅರ್ಥಮಾಡಿದ್ದರು. ಹೊಸದು ಒಪ್ಪಿಗೆಯಾಗದಿದ್ದರೆ ಹಳೆಯದನ್ನೇ ಬಳಸುತ್ತಿರಿ ಎಂದು ಕಂಪೆನಿಯ ಪ್ರಶ್ನೋತ್ತರವೇ ಆ ಕಾಲದಲ್ಲಿ ಹೇಳಿತ್ತು. ಇಪ್ಪತ್ತಮೂರು ವರ್ಷಗಳ ಮೇಲೆ ಅದೇ ಪದಕ್ಕೆ ‘ನಾವು ಬೇಡವೆನ್ನುವವರೆಗೆ ಒಪ್ಪಿದ’ ಎಂಬ ಅರ್ಥ ಹೊರಟಿತು. ಶಾಶ್ವತವೆಂಬುದು ಕೊಟ್ಟವನು ಕಿತ್ತುಕೊಳ್ಳುವವರೆಗೆ ಶಾಶ್ವತವೇ? ನನ್ನ ಮಟ್ಟಿಗೆ, ವಕ್ತೃವಿನ ತಾತ್ಪರ್ಯವನ್ನು ಬಿಟ್ಟು ಪದವನ್ನು ಹಿಂಡುವುದು ವ್ಯಾಖ್ಯಾನವೇ ಅಲ್ಲ. ನ್ಯಾಯಾಲಯದ ಅಭಿಪ್ರಾಯ ಏನಾಗುತ್ತಿತ್ತೋ. ವಿಷಯ ಅಲ್ಲಿಯವರೆಗೆ ಹೋಗಲಿಲ್ಲ.

ಆಟಗಾರರು ಕಂಪೆನಿಗೆ ಕಟ್ಟುತ್ತಿದ್ದ ಚಂದಾಗಳನ್ನು ರದ್ದುಮಾಡಿದರು. ಯಾರೊಬ್ಬರೂ ಒಡೆಯರಲ್ಲದ, ಹಿಂತೆಗೆದುಕೊಳ್ಳಲಾಗದ ಬೇರೊಂದು ಪರವಾನಗಿಯನ್ನು ಬರೆಯಿಸುವೆವೆಂದು 12ರಂದು ಪೈಜೊ ಘೋಷಿಸಿತು. ಎಂಟು ತಿಂಗಳಿಗೆಂದು ಇಟ್ಟಿದ್ದ ಪಾತ್‌ಫೈಂಡರ್ ಪುಸ್ತಕಗಳು ಎರಡು ವಾರದಲ್ಲಿ ಖರ್ಚಾದವು. ದಾಳದಲ್ಲಿ ನಮಗೆ ಒಂದು ಬಿತ್ತು ಎಂದು ವಿಜರ್ಡ್ಸ್ ಒಪ್ಪಿಕೊಂಡಿತು. ಇಪ್ಪತ್ತು ಮುಖದ ದಾಳದಲ್ಲಿ ಒಂದಕ್ಕಿಂತ ಕೆಟ್ಟದ್ದಿಲ್ಲ. ತಿದ್ದಿದ ಕರಡಿನ ಮೇಲೆ ಅಭಿಪ್ರಾಯ ಕೇಳಿದಾಗ 15,000ಕ್ಕೂ ಹೆಚ್ಚು ಉತ್ತರಗಳು ಬಂದವು. ಹಳೆಯ ಪತ್ರವನ್ನು ರದ್ದುಮಾಡುವುದು ನೂರಕ್ಕೆ 89 ಮಂದಿಗೆ ಒಪ್ಪಿಗೆಯಿರಲಿಲ್ಲ. 27ರಂದು ಕಂಪೆನಿ ಪೂರ್ತಿ ಹಿಂದೆಗೆಯಿತು. ಹಳೆಯ ಪರವಾನಗಿಯನ್ನು ಮುಟ್ಟಲಿಲ್ಲ. ಅಷ್ಟೇ ಅಲ್ಲದೆ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವಜನಿಕ ಪರವಾನಗಿಗೆ ಒಪ್ಪಿಸಿತು. 2000ದಲ್ಲಿ ಇಲ್ಲದಿದ್ದ ಆ ವಿಶೇಷಣ ಈ ಪತ್ರದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ.

ಆದರೆ ಒಮ್ಮೆ ಬೇರೆಯಾದವರು ಮತ್ತೆ ಕೂಡಲಿಲ್ಲ. ಪೈಜೊದ ಪರವಾನಗಿ 2023ರ ಜೂನಿನಲ್ಲಿ ಸಿದ್ಧವಾಯಿತು. ನವೆಂಬರಿನಿಂದ ಪಾತ್‌ಫೈಂಡರ್‌ನ ಗ್ರಂಥಗಳು ಹಳೆಯ ಪತ್ರದ ಋಣವನ್ನೆಲ್ಲ ಕಳಚಿಕೊಂಡು ಹೊಸದಾಗಿ ಹೊರಡತೊಡಗಿದವು. ಇದಕ್ಕಾಗಿ ಎಷ್ಟೋ ಪದಗಳಿಗೆ ಗಡೀಪಾರಾಯಿತು. ಗುರಿತಪ್ಪದ ಮಂತ್ರಬಾಣವೊಂದಕ್ಕೆ 1975ರಿಂದ ‘ಮ್ಯಾಜಿಕ್ ಮಿಸೈಲ್’ ಎಂದು ಹೆಸರು. ಹೊಸ ಗ್ರಂಥದಲ್ಲಿ ಅದು ‘ಫೋರ್ಸ್ ಬ್ಯಾರೇಜ್’. ಶಿಷ್ಯನ ಪ್ರತಿಯಲ್ಲಿ ಆ ಪುಟವನ್ನು ನೋಡಿದೆ. ಅಂಚಿನಲ್ಲಿ ಹಳೆಯ ಹೆಸರನ್ನು ಪೆನ್ಸಿಲಿನಿಂದ ಬರೆದುಕೊಂಡಿದ್ದಾನೆ.